ದೇವಿಂದ್ರಪ್ಪನ ಮೂವತ್ತಾರು ರೀಲು

ಸೇಡಂನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ದೇವಿಂದ್ರಪ್ಪ ಸ್ವಭಾವದಿಂದ ಜಗಳಗಂಟನಲ್ಲ. ಚಹಾಕ್ಕೆ ಸಕ್ಕರೆ ಬೀಳದಿದ್ದರೂ ಸುಮ್ಮನೆ ಕುಡಿಯುವವ. ಬಸ್ಸಿನ ಸೀಟಿನ ಮೇಲೆ ಯಾರದೋ ಟವೆಲ್ ಕಂಡರೆ ಅದರ ಮಾಲೀಕ ಬರುವ ತನಕ ಅದನ್ನು ಕಾಯುತ್ತ ನಿಲ್ಲುವವ. ಆದರೆ ಷಡ್ಡಕ ಬಸವಲಿಂಗನ ಎದುರಿಗೆ ಬಂದಾಗ ಮಾತ್ರ ಅವನ ನಾಲಿಗೆ ಅವನ ಹಿಡಿತದಲ್ಲಿ ಇರುತ್ತಿರಲಿಲ್ಲ. ಬಸವಲಿಂಗ ಅವನ ಹೆಂಡತಿಯ ತಂಗಿಯ ಗಂಡ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇಟ್ಟವ. ಅವನು ಇವತ್ತು ಬಿಸಿಲು ಭಾಳ ಅದ ಅಂದರೆ ದೇವಿಂದ್ರಪ್ಪ ತಲೆ ಎತ್ತಿ ಮೋಡ ಹುಡುಕುತ್ತಿದ್ದ.

ಚಿತ್ತಾಪುರದಲ್ಲಿ ಬೀಗರ ಮನೆಯ ತೊಟ್ಟಿಲ ಕಾರ್ಯಕ್ರಮಕ್ಕೆ ಬಸವಲಿಂಗ ಕೊರಳಿಗೆ ಹೊಸ ಡಿಜಿಟಲ್ ಕ್ಯಾಮೆರಾ ಹಾಕಿಕೊಂಡು ಬಂದ. ಅದರ ಭಾರಕ್ಕೆ ಅವನ ಕುತ್ತಿಗೆ ಮುಂದಕ್ಕೆ ಬಾಗಿ, ಸದಾ ಯಾರಿಗೋ ನಮಸ್ಕಾರ ಮಾಡುವವನಂತೆ ಕಾಣುತ್ತಿದ್ದ. ಮೊದಲು ಕೂಸಿನ ಫೋಟೋ ತೆಗೆದ, ಆಮೇಲೆ ತೊಟ್ಟಿಲಿನದು, ಆಮೇಲೆ ಬುಂದಿ ಲಾಡಿನದು, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳದು, ಎದುರು ಮನೆಯ ಎಮ್ಮೆಯದು. ತೆಗೆದದ್ದನ್ನೆಲ್ಲ ಪಂಕ್ತಿಯಲ್ಲಿ ಉಣ್ಣಲು ಕೂತವರಿಗೆ ತೋರಿಸುತ್ತ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಬೆರಳು ನೋಯುವ ತನಕ ಒತ್ತಬಹುದು ಎಂದು ಹೇಳಿಕೊಂಡು ಹೋದ.

ದೇವಿಂದ್ರಪ್ಪನ ಬಾಯಲ್ಲಿ ಲಾಡು ಇತ್ತು. ಅದನ್ನು ನಿಧಾನವಾಗಿ ಅಗಿಯುತ್ತ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಗಡಬಡಿಸಿ ನುಂಗಿ, ಕ್ಯಾಮೆರಾಕ್ಕೆ ಎಷ್ಟು ಕೊಟ್ಟಿ ಎಂದು ಕೇಳಿದ. ಬಸವಲಿಂಗ ಎದೆಯುಬ್ಬಿಸಿ ಹೇಳಿದ. ಒಳಗಿನ ಕಾರ್ಡಿಗೆ? ಹೇಳಿದ. ಬ್ಯಾಟರಿಗೆ, ಚೀಲಕ್ಕೆ, ಫೋಟೋ ತುಂಬಿಡುವ ಕಂಪ್ಯೂಟರಿಗೆ? ಎಲ್ಲವನ್ನೂ ಹೇಳಿದ. ಮುಂದಿನ ಆ ಉದ್ದನೆಯ ಲೆನ್ಸಿಗೆ ಎಂದಾಗ ಅದೇ ಹುರುಪಿನಲ್ಲಿ ಅದನ್ನೂ ಹೇಳಿಬಿಟ್ಟ. ಹೆಂಗಸರ ಪಂಕ್ತಿಯಲ್ಲಿ ಕೂತಿದ್ದ ಅವನ ಹೆಂಡತಿ ಶರಣಮ್ಮನ ಕೈ ತುತ್ತಿನ ಸಮೇತ ಗಾಳಿಯಲ್ಲೇ ನಿಂತಿತು. ಲೆನ್ಸು ಕ್ಯಾಮೆರಾದ ಜೊತೆ ಪುಕ್ಕಟೆ ಬಂದದ್ದೆಂದು ಆಕೆಗೆ ಮನೆಯಲ್ಲಿ ಹೇಳಲಾಗಿತ್ತು.

ಆಕೆಯ ನೋಟ ತಾಗಿದ ಮೇಲೆ ಬಸವಲಿಂಗ ಸುಮ್ಮನಿರುವುದು ಸಾಧ್ಯವಿರಲಿಲ್ಲ. ಹಾಗಾದರೆ ನೀವು ಸೋವಿಯಲ್ಲಿ ತೆಗೆದು ತೋರಿಸಿರಿ ಎಂದ. ದೇವಿಂದ್ರಪ್ಪ ತನ್ನ ಅಪ್ಪನ ಹಳೆಯ ಫಿಲ್ಮ್ ಕ್ಯಾಮೆರಾ ಮನೆಯಲ್ಲಿದೆ, ಅದಕ್ಕೆ ಹೊಸದಾಗಿ ಕೊಡಬೇಕಾದದ್ದು ಏನೂ ಇಲ್ಲ, ಒಂದು ರೀಲು ಹಾಕಿದರೆ ಮೂವತ್ತಾರು ಫೋಟೋ, ಅಲ್ಲಿಗೆ ಹಿಸಾಬು ಮುಗೀತು ಎಂದ. ಮಾತಿಗೆ ಮಾತು ಬೆಳೆದು ಪಂದ್ಯವೇ ಆಯಿತು. ಎಳ್ಳಮಾವಾಸ್ಯೆಗೆ ಮಳಖೇಡದಲ್ಲಿ ಅತ್ತೆಯ ಹೊಲಕ್ಕೆ ಹೇಗೂ ಎಲ್ಲರೂ ಸೇರುತ್ತಾರೆ. ಇಬ್ಬರೂ ಅಲ್ಲಿ ಫೋಟೋ ತೆಗೆಯಬೇಕು. ಆಮೇಲೆ ಖರೇ ಖರ್ಚು ಅತ್ತೆಯ ಮುಂದೆ ಒಪ್ಪಿಸಬೇಕು. ಯಾರದು ಸೋವಿ ಎಂದು ಆಕೆ ಹೇಳಬೇಕು. ಸೋತವನು ಬೀಗರೆಲ್ಲರ ಎದುರು ಗೆದ್ದವನನ್ನು ಜಾಣ, ಶ್ಯಾಣ್ಯಾ ಎಂದು ಒಪ್ಪಿಕೊಳ್ಳಬೇಕು. ಅದಕ್ಕಿಂತ ಆಸ್ತಿ ಬರೆದುಕೊಡುವುದು ಇಬ್ಬರಿಗೂ ಹಗುರವಾಗುತ್ತಿತ್ತು.

ಮನೆಗೆ ಬಂದವನೇ ದೇವಿಂದ್ರಪ್ಪ ಟ್ರಂಕಿನಿಂದ ಕ್ಯಾಮೆರಾ ತೆಗೆದ. ಅವನ ಅಪ್ಪ ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗುಮಾಸ್ತರಾಗಿದ್ದಾಗ ಕೊಂಡದ್ದು. ಒರೆಸಿ ಗುಂಡಿ ಒತ್ತಿದರೆ ಟಕ್ ಅಂದಿತು. ಇನ್ನು ಉಳಿದದ್ದು ಫಿಲ್ಮಿನ ಸುರುಳಿ. ಅದಕ್ಕೆ ಅವರ ಮನೆಯಲ್ಲಿ ಮೊದಲಿನಿಂದಲೂ ರೀಲು ಎಂದೇ ಹೆಸರು. ಅದು ಕಡ್ಡಿಪೆಟ್ಟಿಗೆಯ ಬಾಜೂಕೇ ಸಿಗುತ್ತದೆಂಬ ಭರವಸೆಯಲ್ಲಿ ಅವನು ಪೇಟೆಗೆ ಹೋದ. ಮೊದಲನೆಯ ಅಂಗಡಿಯವ ಯಾವ ಬಣ್ಣದ್ದು ಎಂದು ಕೇಳಿ ಹೊಲಿಗೆ ದಾರದ ರೀಲು ಕೊಟ್ಟ. ಎರಡನೆಯವ ಗಾಳಿಪಟದ ದಾರ ತೋರಿಸಿದ. ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟಿದ್ದ ಲಕ್ಷ್ಮಿಕಾಂತನ ಬಳಿ ಹೋದಾಗ, ಅವನು ಎದ್ದು ನಿಂತು ಕುರ್ಚಿ ಒರೆಸಿ ಕೂಡಿಸಿದ. ರೀಲು ಕೇಳಿಕೊಂಡು ಗಿರಾಕಿ ಬಂದು ಎಷ್ಟೋ ವರ್ಷವಾಗಿತ್ತಂತೆ.

ಕೂಡಿಸಿದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಮುಂದೆ ಬಂದದ್ದು ನಿಂತು ಕೇಳುವ ಮಾತಲ್ಲ. ರೀಲು ಹೈದರಾಬಾದಿನಿಂದ ತರಿಸಬೇಕು. ಅದರ ಬೆಲೆ ಕೇಳಿ ದೇವಿಂದ್ರಪ್ಪ ಡಜನ್ನಿಗೇನು ಎಂದ. ಒಂದಕ್ಕೆ ಎಂದು ಲಕ್ಷ್ಮಿಕಾಂತ ಮೆಲ್ಲಗೆ ಹೇಳಿದ. ತೆಗೆದ ಮೇಲೆ ತೊಳೆಯಲಿಕ್ಕೂ ಹೈದರಾಬಾದಿಗೇ ಕಳಿಸಬೇಕು, ಕಾಗದದ ಮೇಲೆ ಪ್ರಿಂಟ್ ಹಾಕಿಸುವುದು ಬೇರೆ, ಹೋಗಿಬರುವ ಕೊರಿಯರ್ ಬೇರೆ.

"ಒಂದು ಸಲ ಗುಂಡಿ ಒತ್ತಿದ್ರ ಒಂದು ಪ್ಲೇಟ್ ಮಿರ್ಚಿ, ಮ್ಯಾಲೊಂದು ಚಹಾ ಹೋದಂಗ್ರಿ ಅಣ್ಣ," ಎಂದು ಲಕ್ಷ್ಮಿಕಾಂತ ತಿಳಿಯುವ ಹಾಗೆ ಬಿಡಿಸಿ ಹೇಳಿದ.

ದೇವಿಂದ್ರಪ್ಪ ಏಳಬೇಕೆಂದುಕೊಂಡ. ಆದರೆ ಬೀಗರ ನಡುವೆ ನಿಂತು ಬಸವಲಿಂಗನನ್ನು ಶ್ಯಾಣ್ಯಾ ಎಂದು ಒಪ್ಪಿಕೊಳ್ಳುತ್ತಿರುವ ತನ್ನ ಬಾಯಿ ಕಣ್ಣ ಮುಂದೆ ಬಂತು. ತರಿಸು ಎಂದ. ಈ ಸಂಗತಿ ಹೆಂಡತಿ ರಾಜೇಶ್ವರಿಯ ಕಿವಿಗೆ ಮಾತ್ರ ಬೀಳಬಾರದು ಎಂದು ಆಣೆ ಹಾಕಿಸಿಕೊಂಡ.

ಅಮಾವಾಸ್ಯೆ ಹತ್ತಿರ ಬಂದಾಗ ಕಚೇರಿಯಲ್ಲಿ ಒಂದು ಮೀಟಿಂಗ್ ನಡೆಯಿತು. ಕಚೇರಿಯ ಮುಖ್ಯಸ್ಥೆ ಶಹರಬಾನು ಮೇಡಂ ಶಿಸ್ತಿನ ಹೆಂಗಸು. ಅವರೆದುರು ಪಂಖಾ ಕೂಡ ಸಪ್ಪಳ ಮಾಡದೆ ತಿರುಗುತ್ತಿತ್ತು. ನೌಕರರು ಕುಣಿದು, ಹಾಡಿ, ವಿಡಿಯೋ ಮಾಡಿ ಫೋನಿನಲ್ಲಿ ಬಿಡುವ ರೀಲ್ಸ್ ಹುಚ್ಚಿನಿಂದ ಕಚೇರಿಯ ಮರ್ಯಾದೆ ಹೋಗುತ್ತಿದೆ, ಇನ್ನು ಮುಂದೆ ಅಂಥದ್ದು ಕಂಡರೆ ಕ್ರಮ ತಪ್ಪದು ಎಂಬ ಸುತ್ತೋಲೆಯನ್ನು ಅವರು ಓದುತ್ತಿದ್ದರು. ದೇವಿಂದ್ರಪ್ಪ ಕೇಳುತ್ತಿರಲಿಲ್ಲ. ಅವನ ತಲೆಯಲ್ಲಿ ಮೂವತ್ತಾರು ಪ್ಲೇಟ್ ಮಿರ್ಚಿ ಸಾಲಾಗಿ ನಿಂತಿದ್ದವು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಆ ಫೋನಿಗೆ ಬಹಳ ದಿನದಿಂದ ಕಿವಿ ಕೆಟ್ಟು, ಸ್ಪೀಕರ್ ಹಾಕಿದರಷ್ಟೇ ಮಾತು ಕೇಳುತ್ತಿತ್ತು. ಕರೆ ಕತ್ತರಿಸಲು ಹೋಗಿ ದೇವಿಂದ್ರಪ್ಪ ಸ್ಪೀಕರ್ ಸಮೇತ ಎತ್ತಿಬಿಟ್ಟ.

"ದೇವಿಂದ್ರಣ್ಣ, ನಿಮ್ಮ ರೀಲ್ ಬಂದದ ನೋಡ್ರಿ," ಎಂದು ಲಕ್ಷ್ಮಿಕಾಂತನ ದನಿ ಇಡೀ ಕೋಣೆಗೆ ಕೇಳಿಸಿತು. "ಮೂವತ್ತಾರು ಅವ. ವೈನಿಗಿ ಹೇಳಬ್ಯಾಡ ಅಂದಿದ್ರಿ, ನಾ ಬಾಯಿ ಬಿಟ್ಟಿಲ್ಲ."

ಮೇಡಂ ಸುತ್ತೋಲೆಯನ್ನು ಮೇಜಿನ ಮೇಲಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮನ್ನು ತಡೆಯಲು ಹೋಗಿ ಸೀನಿದರು.

"ಮೂವತ್ತಾರೇನ್ರಿ ದೇವಿಂದ್ರಪ್ಪ?"

"ಹೌದ್ರಿ ಮೇಡಂ. ಕಮ್ಮಿದು ಸಿಗಲಿಲ್ರಿ."

"ಹೆಂಡತಿಗೆ ಗೊತ್ತಿಲ್ಲ ಅಂತೀರಿ. ಹಂಗಾದ್ರ ಯಾರ ಸಂಗಡ ಮಾಡ್ತೀರಿ?"

"ಅತ್ತಿಯವ್ರ ಸಂಗಡ್ರಿ."

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಎಲ್ಲಿ?"

"ಹೊಲದಾಗ್ರಿ. ತೊಗರಿ ಹೂ ಬಿಟ್ಟದ, ಹಿಂದ ಭಾಳ ಛಲೋ ಕಾಣ್ತದ್ರಿ. ನಮ್ಮಪ್ಪನೂ ಮೊದಲು ಭಾಳ ಮಾಡ್ಯಾನ್ರಿ."

ವಿಚಾರಣೆಯಲ್ಲಿ ಇಷ್ಟು ಸ್ವಚ್ಛವಾಗಿ ಒಪ್ಪಿಕೊಂಡ ನೌಕರನನ್ನು ಮೇಡಂ ತಮ್ಮ ಸೇವೆಯಲ್ಲೇ ಕಂಡಿರಲಿಲ್ಲ. ರಜೆಯ ದಿನ, ಕಚೇರಿಯ ಹೊರಗೆ ಎಂದ ಮೇಲೆ ಸುತ್ತೋಲೆ ತಾಗುತ್ತದೋ ಇಲ್ಲವೋ ಎಂಬ ಅನುಮಾನವೂ ಅವರಿಗೆ ಬಂತು. ಮುಗಿದ ಮೇಲೆ ಆ ರೀಲನ್ನು ತಮ್ಮ ಮುಂದೆ ಹಾಜರುಪಡಿಸಿ ಬರಹದಲ್ಲಿ ಸಮಜಾಯಿಷಿ ಕೊಡಬೇಕು ಎಂದು ಹೇಳಿದರು. ಮೇಡಂಗೂ ಫೋಟೋದ ಹವ್ಯಾಸವಿದೆ ಎಂದು ತಿಳಿದು ದೇವಿಂದ್ರಪ್ಪ ಖುಷಿಯಾಗಿ, ನೀವೂ ಹೊಲಕ್ಕೆ ಊಟಕ್ಕೆ ಬರ್ರಿ, ನಿಮ್ಮನ್ನೂ ಒಂದರಲ್ಲಿ ಹಾಕಿಕೊಳ್ಳುತ್ತೇನೆ ಎಂದ. ಮೇಡಂ ಕಣ್ಣಾರೆ ನೋಡುವುದೇ ವಾಸಿ ಎಂದುಕೊಂಡು, ಬರುತ್ತೇನೆ, ಊಟಕ್ಕೆ ಮಾತ್ರ ಎಂದರು.

ಅವನು ಸಂಜೆ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಪಕ್ಕದ ಮನೆಯ ದಾನಮ್ಮನ ಮೈದುನ ಅದೇ ಕಚೇರಿಯಲ್ಲಿ ಜವಾನ. ದಾನಮ್ಮ ಗೋಡೆಯ ಮೇಲಿಂದ ಬಗ್ಗಿ, ನಿಮ್ಮ ಯಜಮಾನರು ರೀಲು ಬಿಡೋದು ನಮಗೆಲ್ಲ ಗೊತ್ತಿತ್ತು, ಮಾಡೋದು ಗೊತ್ತಿರಲಿಲ್ಲ ಎಂದು ಶುರುಮಾಡಿ, ಮೂವತ್ತಾರು, ಹೊಲ, ಅತ್ತೆ, ಎಲ್ಲವನ್ನೂ ರಾಜೇಶ್ವರಿಗೆ ವಿವರಿಸಿದ್ದಳು. ರಾಜೇಶ್ವರಿಗೆ ಗಂಡ ರೀಲ್ಸ್ ಮಾಡುತ್ತಾನೆಂದು ಸಿಟ್ಟು ಬರಲಿಲ್ಲ. ಮನೆಯಲ್ಲಿ ಹೆಂಡತಿ ಇರುವಾಗ, ಅದೂ ಶಾಲೆಯ ಗ್ಯಾದರಿಂಗಿನಲ್ಲಿ ಕೋಲಾಟಕ್ಕೆ ಬಹುಮಾನ ತೆಗೆದುಕೊಂಡ ಹೆಂಡತಿ ಇರುವಾಗ, ತನ್ನ ಅವ್ವನನ್ನು ಆರಿಸಿಕೊಂಡದ್ದು ಆಕೆಗೆ ತಡೆಯಲಾಗಲಿಲ್ಲ. ಆ ಸಂಜೆ ಆಕೆ ರೊಟ್ಟಿ ಬಡಿದ ಸಪ್ಪಳ ಮೂರು ಮನೆ ದಾಟಿ ಕೇಳುತ್ತಿತ್ತು. ರೀಲಿನ ಬೆಲೆ ಗೊತ್ತಾಗಿಬಿಟ್ಟಿದೆ ಎಂದು ದೇವಿಂದ್ರಪ್ಪ ಹೊಸ್ತಿಲಲ್ಲೇ ತಿಳಿದುಕೊಂಡ.

"ಊರಿಗೆಲ್ಲ ಗೊತ್ತದ. ನನಗೊಬ್ಬಾಕಿಗೇ ಯಾಕ ಮುಚ್ಚಿಟ್ರಿ?" ಎಂದಳು ಆಕೆ.

"ಖರ್ಚು ಭಾಳ ಅದಂತ ಹೇಳಲಿಲ್ಲ," ಎಂದು ಇವನು ತಲೆ ತಗ್ಗಿಸಿದ.

"ನನ್ನ ಹಾಕ್ಕೊಂಡ್ರ ಖರ್ಚು ಹೆಚ್ಚಾಗ್ತದೇನು?"

"ಛೇ, ಇಲ್ಲ. ಒಬ್ಬರು ನಿಂತ್ರೂ ಅಷ್ಟೇ, ನೂರು ಮಂದಿ ನಿಂತ್ರೂ ಅಷ್ಟೇ."

ಫಿಲ್ಮಿನ ಮಟ್ಟಿಗೆ ಇದು ಸತ್ಯವಾದ ಮಾತು. ಆದರೆ ಹೇಳಬಾರದಿತ್ತು. ರಾಜೇಶ್ವರಿಯ ಮುಖ ಅರಳಿತು. ಆಕೆ ಕೂಡಲೇ ತಂಗಿ ಶರಣಮ್ಮನಿಗೆ ಫೋನ್ ಮಾಡಿದಳು, ಆಮೇಲೆ ಮಳಖೇಡಕ್ಕೆ ಅವ್ವನಿಗೆ ಮಾಡಿದಳು. ಅತ್ತೆ ಲಲಿತಾಬಾಯಿಗೆ ಎಪ್ಪತ್ತು ದಾಟಿತ್ತು. ಮೊಮ್ಮಕ್ಕಳು ಕೊಡಿಸಿದ ಫೋನಿನಲ್ಲಿ ಲೋಕವೆಲ್ಲ ಕುಣಿಯುವುದನ್ನು ದಿನವೂ ನೋಡುತ್ತಿದ್ದ ಆಕೆ, ತನ್ನನ್ನು ಯಾರಾದರೂ ಕರೆಯುತ್ತಾರೋ ಎಂದು ಕಾಯುತ್ತಿದ್ದವಳಂತೆ, ಕೇಳಿದ ಕೂಡಲೇ ಹೂಂ ಅಂದಳು. ನೂರು ಮಂದಿಗೂ ಅಷ್ಟೇ ಖರ್ಚು ಎಂಬ ಮಾತು ಹಿಡಿದು ನೂರು ಮಂದಿಗೆ ಹೇಳಿ ಕಳಿಸಿದಳು. ಟ್ರ್ಯಾಕ್ಟರಿನ ಮೇಲೆ ಹಾಡಿನ ಡಬ್ಬಿ ಕಟ್ಟಿಸಲು ಮುಂಗಡ ಕೊಟ್ಟಳು.

ಮುಂದಿನ ದಿನಗಳಲ್ಲಿ ದೇವಿಂದ್ರಪ್ಪನಿಗೆ ಪೇಟೆಯಲ್ಲಿ ನಡೆಯುವುದೇ ಕಷ್ಟವಾಯಿತು. ಚಹಾದಂಗಡಿಯವ ಯಾವ ಹಾಡು ಎಂದು ಕೇಳಿದ. ಫೋಟೋಕ್ಕೆ ಹಾಡು ಯಾಕೆ ಬೇಕೆಂದು ಇವನಿಗೆ ತಿಳಿಯಲಿಲ್ಲ. ಹಾಡು ಯಾವುದಾದರೂ ಇರಲಿ, ನೀವು ಅಲುಗಾಡದಿದ್ದರೆ ಸಾಕು ಎಂದ. ಕುಣಿಯುವವರು ಅಲುಗಾಡಬಾರದು ಎಂಬ ಈ ಹೊಸ ಶೈಲಿಯ ಕೀರ್ತಿ ಚಿಂಚೋಳಿಯ ತನಕ ಹೋಯಿತು. ಅಲ್ಲಿದ್ದ ದೂರದ ಸಂಬಂಧಿಕರು ತಾವೂ ಬರುತ್ತೇವೆಂದು ಹೇಳಿ ಕಳಿಸಿದರು. ಹಳೆಯ ಕ್ಯಾಮೆರಾಕ್ಕೆ ಜನರಲ್ಲಿ ಇಷ್ಟು ಗೌರವ ಇನ್ನೂ ಉಳಿದಿದೆಯಲ್ಲ ಎಂದು ದೇವಿಂದ್ರಪ್ಪನ ಕಣ್ಣು ತುಂಬಿ ಬಂತು.

ಎಳ್ಳಮಾವಾಸ್ಯೆಯ ದಿನ ಕಾಗಿಣಾ ಹೊಳೆಯ ದಂಡೆಯ ಆ ಹೊಲದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬನ್ನಿಗಿಡದ ಬುಡದಲ್ಲಿ ಪೂಜೆ ಮುಗಿದು, ಹೊಲದ ತುಂಬ ಚರಗದ ಎಡೆ ಚೆಲ್ಲಿ, ಜನ ಸಜ್ಜೆರೊಟ್ಟಿ, ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆಗೆ ಕೂತಿದ್ದರು. ಎಷ್ಟು ಮಾಡಿದರೂ ಸಾಲದೆ ಭಜ್ಜಿಯ ಹಂಡೆ ಮತ್ತೆ ಒಲೆ ಏರಿತ್ತು. ಹೆಂಗಸರೆಲ್ಲ ಹೊಸ ಸೀರೆ ಉಟ್ಟಿದ್ದರು. ಬಸವಲಿಂಗ ಮುಂಜಾನೆಯಿಂದ ಭಜ್ಜಿಯ ಫೋಟೋ ತೆಗೆಯುತ್ತಿದ್ದ: ಹತ್ತಿರದಿಂದ, ದೂರದಿಂದ, ರೊಟ್ಟಿಯ ಕೆಳಗಿಂದ. ಶಹರಬಾನು ಮೇಡಂ ಹೇಳಿದಂತೆ ಬಂದು, ಎಲ್ಲ ಕಾಣುವ ಜಾಗ ನೋಡಿ ಕಂಬಳಿಯ ಮೇಲೆ ಕೂತಿದ್ದರು. ಲಲಿತಾಬಾಯಿ ಹಸಿರು ಇಳಕಲ್ ಸೀರೆಯುಟ್ಟು, ಕಪ್ಪು ಗಾಗಲ್ ಹಾಕಿಕೊಂಡು ತೊಗರಿಯ ಸಾಲಿನಿಂದ ಹೊರಬಂದಾಗ ಸಿಳ್ಳೆಗಳು ಬಿದ್ದವು.

ದೇವಿಂದ್ರಪ್ಪ ಕ್ಯಾಮೆರಾ ಎತ್ತಿ ಒಂದು ಕಣ್ಣು ಮುಚ್ಚಿದ. ಟ್ರ್ಯಾಕ್ಟರಿನ ಮೇಲಿನ ಡಬ್ಬಿ ಒದರತೊಡಗಿತು. ಇಡೀ ಹೊಲ ಕುಣಿಯತೊಡಗಿತು. ಅಲುಗಾಡಬ್ಯಾಡ್ರಿ ಎಂದು ಅವನು ಕೂಗಿದ. ಶೈಲಿ ಗೊತ್ತಿದ್ದ ಜನ, ಕೈಕಾಲು ಎಲ್ಲಿದ್ದವೋ ಅಲ್ಲೇ ನಿಲ್ಲಿಸಿದರು. ಟಕ್ ಅಂದಿತು. ಲಲಿತಾಬಾಯಿ ಕೂಡಲೇ ಬಂದು, ತೋರಿಸ್ರಿ ಎಂದು ಕ್ಯಾಮೆರಾವನ್ನು ತಿರುಗಿಸಿದಳು. ಹಿಂದೆ ಬರೀ ಕಪ್ಪು ತಗಡು.

"ಎಲ್ಲದ?"

"ಒಳಗದ್ರಿ."

"ಹೊರಗ ಯಾವಾಗ ಬರ್ತದ?"

"ಹೈದರಾಬಾದಿಗಿ ಹೋಗಿ ತೊಳಸ್ಕೊಂಡು ಬರಬೇಕ್ರಿ. ಹದಿನೈದು ದಿನ ಹಿಡೀತದ."

ಹಾಡು ನಿಂತಿತು. ಒಂದು ಕಾಲು ಎತ್ತಿ ನಿಂತವರು ಮೆಲ್ಲಗೆ ಅದನ್ನು ನೆಲಕ್ಕೆ ಇಳಿಸಿದರು. ಹಂಗಾದ್ರ ಇದು ಫೋನಿನ್ಯಾಗ ಬರೂ ರೀಲ್ ಅಲ್ಲೇನು ಎಂದು ರಾಜೇಶ್ವರಿ ಕೇಳಿದಳು. ಫೋನಿನ್ಯಾಗ ಎಂಥಾ ರೀಲು ಎಂದು ದೇವಿಂದ್ರಪ್ಪ ಕೇಳಿದ. ಎಲ್ಲರಿಗಿಂತ ಮೊದಲು ನಕ್ಕವರು ಮೇಡಂ. ಬಾಯಲ್ಲಿದ್ದ ರೊಟ್ಟಿ ನೆತ್ತಿಗೇರಿ, ನೀರು ಕುಡಿದು, ಮೀಟಿಂಗಿನಲ್ಲಿ ನಡೆದದ್ದನ್ನೆಲ್ಲ ಹೇಳುತ್ತ ಮತ್ತೆ ನಕ್ಕರು. ಆಮೇಲೆ ನಗು ಹೊಲದ ಈ ಬದುವಿನಿಂದ ಆ ಬದುವಿಗೆ ಹೋಯಿತು. ದೇವಿಂದ್ರಪ್ಪನಿಗೆ ಮಾತ್ರ ನಗು ಬರಲಿಲ್ಲ. ತನ್ನ ಒಂದು ಮಾತಿಗೆ ಇಷ್ಟು ಮಂದಿ ಸೀರೆ ಉಟ್ಟು, ಬಸ್ಸು ಹತ್ತಿ ಬಂದಿದ್ದಾರೆ. ಅತ್ತೆಯ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ನೋಡಿದರೂ ಗಾಗಲ್ಲಿನ ಹಿಂದೆ ಏನಿದೆಯೆಂದು ತಿಳಿಯುತ್ತಿರಲಿಲ್ಲ.

ಬಸವಲಿಂಗನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿರಲಿಲ್ಲ. ನನ್ನದರಲ್ಲಿ ವಿಡಿಯೋನೂ ಬರುತ್ತದೆ, ಕುಣೀರಿ ಎಂದು ಮುಂದೆ ಬಂದು ಗುಂಡಿ ಒತ್ತಿದ. ಕ್ಯಾಮೆರಾ ಒಮ್ಮೆ ಕೆಂಪಗೆ ಮಿಣುಕಿ ಕಣ್ಣು ಮುಚ್ಚಿತು. ಬ್ಯಾಟರಿಯನ್ನೆಲ್ಲ ಭಜ್ಜಿ ತಿಂದಿತ್ತು. ಇನ್ನೊಂದು ಬ್ಯಾಟರಿ ಶಹಾಬಾದಿನ ಮನೆಯಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿದಿತ್ತು.

ಜನ ತಮ್ಮ ತಮ್ಮ ಫೋನು ತೆಗೆಯತೊಡಗಿದರು. ಲಲಿತಾಬಾಯಿ ಗಾಗಲ್ಲನ್ನು ನೆತ್ತಿಗೆ ಏರಿಸಿ ಎಲ್ಲರನ್ನೂ ತಡೆದಳು.

"ಫೋನು ದಿನಾ ಇದ್ದದ್ದೇ ಅದ. ಅಳಿಯಂದ್ರು ಹೈದರಾಬಾದಿಂದ ರೀಲು ತರಸ್ಯಾರ, ಈ ಫೋಟೋದ ಡಬ್ಬಿಗೇ ಕುಣಿಯೂನು. ಅವರು ನಿಲ್ಲು ಅಂದಾಗ ನಿಲ್ಲೂನು. ಒಂದಕ್ಕ ಎಷ್ಟು ಬೀಳ್ತದ್ರಿ?"

ದೇವಿಂದ್ರಪ್ಪ ಹೆಂಡತಿಯ ಕಡೆ ನೋಡದೆ, ಒಂದು ಪ್ಲೇಟ್ ಮಿರ್ಚಿ ಮತ್ತು ಚಹಾ ಎಂದು ನಿಜ ಹೇಳಿಬಿಟ್ಟ. ಆ ಮಾತು ಮಾಡಿದ ಕೆಲಸ ಯಾವ ಸುತ್ತೋಲೆಯೂ ಮಾಡಿರಲಿಕ್ಕಿಲ್ಲ. ಮಿರ್ಚಿ ದಂಡವಾಗಬಾರದೆಂದು ಜನ ಕಣ್ಣೆವೆ ಬಡಿಯುವುದನ್ನೂ ಬಿಟ್ಟರು. ಹಾಡು ಹತ್ತಿತು. ಕೆಲಸವಿಲ್ಲದೆ ನಿಂತಿದ್ದ ಬಸವಲಿಂಗನಿಗೆ ಕೂಗುವ ಕೆಲಸ ಸಿಕ್ಕಿತು. ಕಲ್ಲಿನ ಕಾರ್ಖಾನೆಯಲ್ಲಿ ಮಷಿನ್ನಿನ ಸಪ್ಪಳದ ಮೇಲೆ ಕೂಗಿ ಪಳಗಿದ ಗಂಟಲು ಅದು. ಅವನು ನಿಲ್ಲು ಅಂದರೆ ಹೊಲವೆಲ್ಲ ಶಿಲೆಯಾಗುತ್ತಿತ್ತು, ದೇವಿಂದ್ರಪ್ಪ ಟಕ್ ಅನ್ನಿಸುತ್ತಿದ್ದ, ಮತ್ತೆ ಕುಣಿತ. ದಾನಮ್ಮ ಬಗ್ಗಿದವಳು ಬಗ್ಗಿದ ಹಾಗೇ ನಿಂತು ಸೊಂಟ ಹಿಡಿಸಿಕೊಂಡಳು. ಅಕ್ಕತಂಗಿಯರು ಕೋಲಿಲ್ಲದೆ ಕೋಲಾಟ ಆಡಿದರು. ಊಟಕ್ಕೆ ಮಾತ್ರ ಬಂದಿದ್ದ ಮೇಡಂ ಮೊದಲು ಕೂತಲ್ಲೇ ಚಪ್ಪಾಳೆ ತಟ್ಟಿದರು, ಆಮೇಲೆ ಎದ್ದು ನಿಂತರು, ಆಮೇಲೆ ಅವರ ಚಪ್ಪಲಿ ಎಲ್ಲಿದೆಯೆಂದು ಹುಡುಕಬೇಕಾಯಿತು. ರೀಲಿನಲ್ಲಿ ಒಂದೇ ಉಳಿದಾಗ ಹೊತ್ತು ಇಳಿದಿತ್ತು. ಬೆನ್ನಿಗೆ ಸೂರ್ಯನನ್ನು ಇಟ್ಟುಕೊಂಡು ದೇವಿಂದ್ರಪ್ಪ ಎಲ್ಲರನ್ನೂ ಒಂದರಲ್ಲೇ ಹಿಡಿದ.

ಫೋಟೋಗಳು ಬಂದ ದಿನವೇ ಅವನು ಅವನ್ನು ಸಮಜಾಯಿಷಿಯ ಜೊತೆ ಮೇಡಂ ಮುಂದೆ ಇಟ್ಟ. ಒಂದರಲ್ಲಿ ಬರೀ ಅವನ ಹೆಬ್ಬೆರಳು, ಮತ್ತೊಂದರಲ್ಲಿ ಟ್ರ್ಯಾಕ್ಟರಿನ ಗಾಲಿ. ಉಳಿದವು ಕಣ್ಣಿಗೆ ಹಬ್ಬ. ಮೇಡಂ ತಾವಿದ್ದ ಒಂದನ್ನು ಪರ್ಸಿನಲ್ಲಿ ಇಟ್ಟುಕೊಂಡು, ಸದರಿ ರೀಲಿನಲ್ಲಿ ಯಾರೂ ಅಲುಗಾಡಿರುವುದು ಕಂಡುಬಂದಿಲ್ಲ, ಆದ್ದರಿಂದ ಸುತ್ತೋಲೆ ಅನ್ವಯಿಸುವುದಿಲ್ಲ ಎಂದು ಷರಾ ಬರೆದು ಸಹಿ ಹಾಕಿದರು.

ರವಿವಾರ ಎಲ್ಲರೂ ಮಳಖೇಡದಲ್ಲಿ ಸೇರಿದರು. ಕೊನೆಯ ಫೋಟೋವನ್ನು ದೊಡ್ಡದು ಮಾಡಿಸಿ, ಗಾಜಿನ ಫ್ರೇಮ್ ಹಾಕಿಸಿ ತಂದಿದ್ದರು. ಲಲಿತಾಬಾಯಿ ಒಂಟಿಕಾಲಲ್ಲಿ, ಸೆರಗು ಗಾಳಿಯಲ್ಲಿ, ಬಾಯಿತುಂಬ ನಗು. ಹಿಂದೆ ಹಳದಿ ತೊಗರಿ. ತೆಗೆಯುವವನ ನೆರಳು ಉದ್ದಕ್ಕೆ ಬಿದ್ದು, ಅದರ ತಲೆ ನೇರವಾಗಿ ಬಸವಲಿಂಗನ ಮುಖದ ಮೇಲೆ ಕೂತಿತ್ತು. ನೂರು ಮಂದಿಯಲ್ಲಿ ಕಪ್ಪಾದವನು ಅವನೊಬ್ಬನೇ. ಇದು ಬೇಕಂತ ಮಾಡಿದ್ದು ಎಂದು ಅವನು ವಾದಿಸಿದ. ಸೂರ್ಯನಿಗೆ ಕೇಳು ಎಂದು ದೇವಿಂದ್ರಪ್ಪ ಹೇಳಿದ.

ಆಮೇಲೆ ಇಬ್ಬರೂ ಪಂದ್ಯದ ಪ್ರಕಾರ ತಮ್ಮ ತಮ್ಮ ಖರ್ಚು ಒಪ್ಪಿಸಿದರು. ಹೆಂಡಂದಿರು ಪಕ್ಕದಲ್ಲೇ ಕೂತಿದ್ದರಿಂದ ಇಬ್ಬರ ದನಿಯೂ ಸಣ್ಣದಾಗಿತ್ತು. ಬಸವಲಿಂಗ ಭಜ್ಜಿಯ ಫೋಟೋ ಇನ್ನೂ ಕಂಪ್ಯೂಟರಿನಿಂದ ಹೊರಗೆ ತೆಗೆದಿಲ್ಲ ಎಂಬುದನ್ನೂ ಒಪ್ಪಿಕೊಂಡ. ಲಲಿತಾಬಾಯಿ ಎಲ್ಲ ಕೇಳಿ, ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡಳು.

"ಡಬ್ಬಿ, ರೀಲು, ಬ್ಯಾಟರಿ, ಎಲ್ಲಾ ಹೇಳಿದ್ರಿ. ಮತ್ತ ಎರಡು ಹಂಡೆ ಭಜ್ಜಿ? ಟ್ರ್ಯಾಕ್ಟರು? ಬಂದ ಹೆಣ್ಮಕ್ಕಳಿಗಿ ಕುಬ್ಬಸದ ಖಣ? ಈ ಫೋಟೋಕ್ಕ ನಿಮ್ಮಿಬ್ಬರಕಿಂತ ಹೆಚ್ಚು ಹಾಕಿದಾಕಿ ನಾನು. ನೀವಿಬ್ಬರೂ ಶ್ಯಾಣ್ಯಾರಲ್ಲ, ತಿಳೀತಿಲ್ಲೋ?"

ತಿಳೀತ್ರಿ ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಅವರು ಒಂದೇ ಮಾತು ಹೇಳಿದ್ದು ಅದೇ ಮೊದಲು. ಲಲಿತಾಬಾಯಿ ಗಾಜಿನ ಮೇಲೆ ಸೆರಗಾಡಿಸಿ, ಒಂಟಿಕಾಲಿನ ತನ್ನನ್ನು ಇನ್ನೊಮ್ಮೆ ನೋಡಿಕೊಂಡಳು.

"ಆದ್ರೂ ಸೋವಿನೇ ಬಿತ್ತು," ಎಂದಳು.

ದೇವಿಂದ್ರಪ್ಪ ಮೊಳೆ ಹಿಡಿದ, ಬಸವಲಿಂಗ ಹೊಡೆದ. ಗೋಡೆಗೆ ಫೋಟೋ ಏರಿದ ಮೇಲೆ ಬಸವಲಿಂಗ ಹಿಂದೆ ಸರಿದು, ಕಿಸೆಯಿಂದ ಫೋನು ತೆಗೆದು, ಆ ಫೋಟೋದ್ದೇ ಒಂದು ಫೋಟೋ ಹೊಡೆದು ಬೀಗರಿಗೆಲ್ಲ ಕಳಿಸತೊಡಗಿದ. ದೇವಿಂದ್ರಪ್ಪ ಏನೋ ಹೇಳಲು ಬಾಯಿ ತೆರೆದ. ರಾಜೇಶ್ವರಿ ಅವನ ಕಡೆ ನೋಡಿದಳು.

"ನನಗೂ ಒಂದು ಕಳಸು," ಎಂದ ಅವನು.